ಬ್ರೌಸರ್ ತಡೆದದ್ದನ್ನು ಹೇಳುತ್ತದೆ, ಬಿಟ್ಟದ್ದನ್ನು? ಬಾಗಲಕೋಟೆಯ ಆನ್‌ಲೈನ್ ಸೆಂಟರ್ ಮೇಜಿಗೆ ಐದು ಬ್ರೌಸರ್‌ಗಳ ವಿಮರ್ಶೆ

ಇಳಕಲ್ ಸೀರೆ ಅಂತ ಮೊಬೈಲಿನಲ್ಲಿ ಒಂದು ಸಲ ಹುಡುಕಿ, ಯಾವುದೋ ಅಂಗಡಿಯ ಸೈಟು ತೆರೆದು ಮುಚ್ಚಿ. ಮರುದಿನ ಕ್ರಿಕೆಟ್ ಸ್ಕೋರು ನೋಡುವಾಗಲೂ ಅದೇ ಸೀರೆ, ಸುದ್ದಿ ಓದುವಾಗಲೂ ಅದೇ ಸೀರೆ. ‘ನಾವ್ ಮಾತಾಡೋದನ್ನ ಮೊಬೈಲ್ ಕದ್ದು ಕೇಳಾಕತ್ತೈತ್ರಿ’ ಎಂಬ ಗುಮಾನಿ ನಮ್ಮ ಕಡೆ ಊರೂರಲ್ಲೂ ಇದೆ. ಇಷ್ಟಕ್ಕೆಲ್ಲ ಕದ್ದು ಕೇಳುವ ದರ್ದೇ ಇಲ್ಲ. ಸೀರೆ ಅಂಗಡಿಯ ಪೇಜಿನಲ್ಲೂ ಸುದ್ದಿಯ ಪೇಜಿನಲ್ಲೂ ಒಂದೇ ಜಾಹೀರಾತು ಕಂಪನಿಯ ಸ್ಕ್ರಿಪ್ಟ್, ಅಂದರೆ ಪೇಜಿನೊಳಗೆ ನಡೆಯುವ ಪುಟ್ಟ ಪ್ರೋಗ್ರಾಂ, ಕೂತಿರುತ್ತದೆ. ಇದೇ ಟ್ರ್ಯಾಕರ್. ಮೊದಲ ಕಡೆ ನಿಮ್ಮ ಬ್ರೌಸರಿನಲ್ಲಿ ಒಂದು ಕುಕೀ (ಗುರುತಿನ ಚೀಟಿಯಂಥ ಪುಟ್ಟ ದಾಖಲೆ) ಇಟ್ಟು, ಎರಡನೇ ಕಡೆ ಅದನ್ನೇ ಓದಿ, ‘ನಿನ್ನೆ ಸೀರೆ ನೋಡಿದವರು ಇವರೇ’ ಎಂದು ಪತ್ತೆ ಹಚ್ಚುತ್ತದೆ.

ಈಗ ಎಲ್ಲ ಬ್ರೌಸರ್‌ಗಳೂ ಇದನ್ನು ತಡೆಯುತ್ತೇವೆ ಎನ್ನುತ್ತವೆ. ಅಡ್ರೆಸ್ ಬಾರಿನಲ್ಲಿ ಒಂದು ಶೀಲ್ಡ್ ಗುರುತು, ಇಲ್ಲವೇ ಸಿಂಹದ ಮುಖ, ಪಕ್ಕದಲ್ಲೊಂದು ಅಂಕಿ. ನವನಗರ, ವಿದ್ಯಾಗಿರಿ ಕಡೆಯ ಆನ್‌ಲೈನ್ ಸೆಂಟರ್‌ಗಳಲ್ಲಿ ಇರುವಂಥ ವಿಂಡೋಸ್ ಕಂಪ್ಯೂಟರ್ ಒಂದು, ಜೇಬಿನಲ್ಲಿರುವ ಸಾಧಾರಣ ಆಂಡ್ರಾಯ್ಡ್ ಫೋನ್ ಒಂದು, ಇವೆರಡನ್ನು ಮನಸ್ಸಿನಲ್ಲಿಟ್ಟುಕೊಂಡು ಫೈರ್‌ಫಾಕ್ಸ್, ಎಡ್ಜ್, ಕ್ರೋಮ್, ಬ್ರೇವ್, ಡಕ್‌ಡಕ್‌ಗೋ ಐದನ್ನೂ ಇಲ್ಲಿ ಅಳೆಯಲಾಗಿದೆ. ಐದೂ ಪುಕ್ಕಟೆ, ಹಾಗಾಗಿ ರೊಕ್ಕದ ಲೆಕ್ಕವಿಲ್ಲ. ನೋಡಿದ್ದು ಎರಡೇ ಸಂಗತಿ. ತಾನು ಏನನ್ನು ತಡೆಯದೆ ಬಿಟ್ಟೆ ಎಂಬುದನ್ನು ಬ್ರೌಸರ್ ಹೇಳುತ್ತದೆಯೇ? ತಡೆಯಿಂದ ಪೇಜು ಕೆಟ್ಟರೆ, ಕೆಟ್ಟದ್ದು ತನ್ನಿಂದಲೇ ಎಂದು ಒಪ್ಪಿಕೊಳ್ಳುತ್ತದೆಯೇ?

‘ತಡೆ’ ಎಂಬ ಒಂದೇ ಮಾತಿನಡಿ ಮೂರು ಬೇರೆ ಬೇರೆ ಕೆಲಸ ನಡೆಯುತ್ತವೆ. ಟ್ರ್ಯಾಕರ್ ಸ್ಕ್ರಿಪ್ಟನ್ನು ಇಳಿಸಿಕೊಳ್ಳಲೇ ಬಿಡದಿರುವುದು ಮೊದಲನೆಯದು. ಡೇಟಾ ಉಳಿಯುತ್ತದೆ, ಪೇಜು ಬೇಗ ತೆರೆಯುತ್ತದೆ, ಆ ಕಂಪನಿಯ ಸರ್ವರಿಗೆ ನಿಮ್ಮ ಐಪಿ ವಿಳಾಸವೂ ಹೋಗುವುದಿಲ್ಲ. ಸ್ಕ್ರಿಪ್ಟ್ ಬರಲು ಬಿಟ್ಟು ಕುಕೀ ಮಾತ್ರ ಕೊಡದಿರುವುದು ಎರಡನೆಯದು. ಕುಕೀ ಕೊಟ್ಟರೂ ಪ್ರತಿ ಸೈಟಿಗೆ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಡುವುದು ಮೂರನೆಯದು. ಸೀರೆ ಅಂಗಡಿಯ ಡಬ್ಬಿಯಲ್ಲಿ ಇಟ್ಟದ್ದು ಸುದ್ದಿ ಸೈಟಿನ ಡಬ್ಬಿಯಲ್ಲಿ ಸಿಗುವುದಿಲ್ಲ. ಕೊನೆಯ ಎರಡರಲ್ಲಿ ಕಂಪನಿಯ ಸರ್ವರಿಗೆ ನಿಮ್ಮ ಐಪಿ ಹೋಗಿಯೇ ಹೋಗುತ್ತದೆ, ಡೇಟಾವೂ ಖರ್ಚಾಗುತ್ತದೆ. ಬ್ರೌಸರ್‌ಗಳ ಪರದೆಯ ಮೇಲೆ ಮಾತ್ರ ಮೂರಕ್ಕೂ ‘ಬ್ಲಾಕ್ಡ್’ ಎಂಬ ಒಂದೇ ಹಣೆಪಟ್ಟಿ.

ಅಂಕಿಯ ವಿಷಯಕ್ಕೆ ಬರೋಣ, ಯಾಕೆಂದರೆ ಜನ ಬ್ರೌಸರ್ ಆರಿಸುವುದೇ ಅದನ್ನು ನೋಡಿ. ‘ಇದರಾಗ 12 ಅಂತ ತೋರಸ್ತೈತಿ, ಅದರಾಗ 47, ಅದಽ ಚಲೋ’ ಎಂಬ ತೀರ್ಮಾನ ಬುಡದಲ್ಲೇ ತಪ್ಪು. ಬಹಳಷ್ಟು ಸೈಟುಗಳು ಟ್ರ್ಯಾಕರ್‌ಗಳನ್ನು ನೇರವಾಗಿ ಕರೆಯುವುದಿಲ್ಲ. ಟ್ಯಾಗ್ ಮ್ಯಾನೇಜರ್ ಎಂಬ ಒಂದು ಸ್ಕ್ರಿಪ್ಟ್ ಹಾಕಿರುತ್ತವೆ, ಉಳಿದ ಹತ್ತನ್ನು ಅದು ಕರೆತರುತ್ತದೆ. ಟ್ಯಾಗ್ ಮ್ಯಾನೇಜರನ್ನೇ ಬಾಗಿಲಲ್ಲಿ ನಿಲ್ಲಿಸಿದ ಬ್ರೌಸರಿನಲ್ಲಿ ಅಂಕಿ 1. ಅದನ್ನು ಒಳಗೆ ಬಿಟ್ಟು, ಅದು ಕರೆತಂದ ಹತ್ತನ್ನೂ ತಡೆದ ಬ್ರೌಸರಿನಲ್ಲಿ ಅಂಕಿ 10. ಹೆಚ್ಚು ಕಟ್ಟುನಿಟ್ಟಾದದ್ದು ಕಡಿಮೆ ಅಂಕಿಯದೇ. ಇನ್ನು ಕೆಲವು ಸ್ಕ್ರಿಪ್ಟ್‌ಗಳು ತಡೆದಷ್ಟೂ ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ಒಂದು ಸುದ್ದಿ ಪೇಜನ್ನು ಅರ್ಧ ಗಂಟೆ ತೆರೆದಿಟ್ಟರೆ ಅಂಕಿ ಏರುತ್ತಲೇ ಹೋಗುತ್ತದೆ, ಟ್ರ್ಯಾಕರ್ ಮಾತ್ರ ಅದೇ ಒಂದು. ಬ್ರೌಸರಿಗೊಂದು ಲೆಕ್ಕ: ಒಂದು ರಿಕ್ವೆಸ್ಟ್ (ಪೇಜು ಹೊರಗಿನ ಸರ್ವರಿಗೆ ಕಳಿಸುವ ಕೋರಿಕೆ) ಎಣಿಸುತ್ತದೆ, ಇನ್ನೊಂದು ಕಂಪನಿ ಎಣಿಸುತ್ತದೆ. ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಡುವಂತೆಯೇ ಇಲ್ಲ.

ಫೈರ್‌ಫಾಕ್ಸ್

ಇದನ್ನು ರೂಪಿಸುವ ಮೊಜಿಲ್ಲಾದ ಎನ್‌ಹ್ಯಾನ್ಸ್ಡ್ ಟ್ರ್ಯಾಕಿಂಗ್ ಪ್ರೊಟೆಕ್ಷನ್ ಎಂಬ ತಡೆ 2019ರ ಸೆಪ್ಟೆಂಬರಿನಿಂದ ಎಲ್ಲರಿಗೂ ತಾನಾಗಿಯೇ ಚಾಲೂ ಇರುತ್ತದೆ. ಯಾರು ಟ್ರ್ಯಾಕರ್ ಎಂದು ನಿರ್ಧರಿಸಲು ಡಿಸ್ಕನೆಕ್ಟ್ ಎಂಬ ಕಂಪನಿಯ ಪಟ್ಟಿಯನ್ನು ಬಳಸುತ್ತಾರೆ. ಸೈಟಿಗೊಂದು ಡಬ್ಬಿಯ ಪದ್ಧತಿ 2021ರಲ್ಲಿ ಸ್ಟ್ರಿಕ್ಟ್ ಎಂಬ ಬಿಗಿಯಾದ ಮೋಡಿಗೆ ಬಂತು, 2022ರ ಜೂನಿನಲ್ಲಿ ಎಲ್ಲರಿಗೂ ಸಿಕ್ಕಿತು.

ಇದರ ನಿಜವಾದ ಗಟ್ಟಿತನ ಕಾಣುವುದು ಶೀಲ್ಡ್ ಒತ್ತಿದಾಗ ಇಳಿಯುವ ಪಟ್ಟಿಯಲ್ಲಿ. ಅಲ್ಲಿ ಮೂರು ಗುಂಪುಗಳಿವೆ: ಬ್ಲಾಕ್ಡ್, ಅಲೌಡ್, ನನ್ ಡಿಟೆಕ್ಟೆಡ್. ಮಧ್ಯದ್ದನ್ನು ನೋಡಿ. ತಾನಾಗಿಯೇ ಇರುವ ಸ್ಟ್ಯಾಂಡರ್ಡ್ ಮೋಡಿನಲ್ಲಿ ಸಾಮಾನ್ಯ ವಿಂಡೋದಿಂದ ಯಾವುದಾದರೂ ಸುದ್ದಿ ಸೈಟು ತೆರೆದರೆ ‘ಟ್ರ್ಯಾಕಿಂಗ್ ಕಂಟೆಂಟ್’ ಎಂಬ ಸಾಲು ಅಲೌಡ್ ಕೆಳಗೆ ಕೂತಿರುತ್ತದೆ. ಒತ್ತಿದರೆ ಯಾವ ಯಾವ ಡೊಮೇನ್ ಎಂದು ಹೆಸರು ಸಮೇತ ಬಿಚ್ಚಿಕೊಳ್ಳುತ್ತದೆ. ಅಂದರೆ ಫೈರ್‌ಫಾಕ್ಸ್ ಬಾಯಿಬಿಟ್ಟು ಹೇಳುತ್ತಿದೆ: ಈ ಮೋಡಿನಲ್ಲಿ ಈ ಸ್ಕ್ರಿಪ್ಟ್‌ಗಳನ್ನು ನಾನು ಬಿಟ್ಟಿದ್ದೇನೆ, ಇವುಗಳ ಕುಕೀಗಳನ್ನು ಮಾತ್ರ ಕಟ್ಟಿಹಾಕಿದ್ದೇನೆ. ಬಿಟ್ಟದ್ದರ ಪಟ್ಟಿ ಕೊಡುವ ಬ್ರೌಸರ್‌ಗಳು ತೀರಾ ಕಡಿಮೆ.

ಸ್ಕ್ರಿಪ್ಟ್‌ಗಳನ್ನೂ ನಿಲ್ಲಿಸಬೇಕೆಂದರೆ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಅಲ್ಲಿ ಸ್ಟ್ರಿಕ್ಟ್. ಇದನ್ನು ಒತ್ತಿದ ಕೂಡಲೇ ಕೆಲವು ಸೈಟು ಸರಿಯಾಗಿ ನಡೆಯದಿರಬಹುದು ಎಂಬ ಎಚ್ಚರಿಕೆ ಅಲ್ಲೇ ಕಾಣುತ್ತದೆ, ಮಾತು ನೆಟ್ಟಗಿದೆ. ಸ್ಟ್ರಿಕ್ಟ್ ಮೋಡು ಲಿಂಕುಗಳ ಬಾಲವನ್ನೂ ಕತ್ತರಿಸುತ್ತದೆ. ಫೇಸ್‌ಬುಕ್ಕಿನಿಂದ ಬಂದ ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯ ಆಚೆ ಎಫ್‌ಬಿಸಿಎಲ್‌ಐಡಿ ಅಂತ ಶುರುವಾಗುವ ಉದ್ದನೆಯ ಸಾಲು ಇರುತ್ತದಲ್ಲ, ಅದು. ಸ್ಕ್ರಿಪ್ಟ್ ತಡೆದು ಪೇಜು ಕೆಡುವಲ್ಲಿ ಸ್ಮಾರ್ಟ್‌ಬ್ಲಾಕ್ ಎಂಬ ಏರ್ಪಾಡು ಒಂದು ಡಮ್ಮಿ ಸ್ಕ್ರಿಪ್ಟ್ ಕೂರಿಸುತ್ತದೆ. ಸೈಟು ತನ್ನ ಟ್ರ್ಯಾಕರ್ ಬಂದಿದೆ ಎಂದೇ ತಿಳಿದು ಮುಂದುವರಿಯುತ್ತದೆ.

ಅಡ್ರೆಸ್ ಬಾರಿನಲ್ಲಿ ಅಬೌಟ್, ಕೋಲನ್ ಚಿಹ್ನೆ, ಪ್ರೊಟೆಕ್ಷನ್ಸ್ ಎಂದು ಇಂಗ್ಲಿಷಿನಲ್ಲಿ ಜಾಗ ಬಿಡದೆ ಟೈಪ್ ಮಾಡಿದರೆ ವಾರದ ಗ್ರಾಫ್ ಬರುತ್ತದೆ. ನೋಡಲು ಚೆಂದ, ಕೆಲಸಕ್ಕೆ ಅಷ್ಟಕ್ಕಷ್ಟೆ. ಒಂದು ಮೋಜಿದೆ. ಪ್ರೈವೇಟ್ ವಿಂಡೋದಲ್ಲಿ (ಮುಚ್ಚಿದ ಮೇಲೆ ಹಿಸ್ಟರಿ, ಕುಕೀ ಉಳಿಸದ ವಿಂಡೋ) ಸ್ಟ್ಯಾಂಡರ್ಡ್ ಮೋಡು ಕೂಡ ಟ್ರ್ಯಾಕರ್ ಸ್ಕ್ರಿಪ್ಟ್‌ಗಳನ್ನು ನಿಲ್ಲಿಸುತ್ತದೆ, ಅಂದರೆ ತಡೆ ಹೆಚ್ಚು. ಆದರೆ ಅಲ್ಲಿ ಏನು ತಡೆದೆ ಎಂಬ ದಾಖಲೆಯನ್ನೇ ಅದು ಇಟ್ಟುಕೊಳ್ಳುವುದಿಲ್ಲ, ಹಾಗೆಂದು ಪುಟದಲ್ಲೇ ಬರೆದಿರುತ್ತದೆ. ಹೆಚ್ಚು ತಡೆದ ಕಡೆ ಗ್ರಾಫ್ ಸೊನ್ನೆ.

ದೂರು ಇಲ್ಲದಿಲ್ಲ. 2024ರ ಜುಲೈನಲ್ಲಿ ಬಂದ 128ನೇ ಆವೃತ್ತಿಯಲ್ಲಿ, ಜಾಹೀರಾತಿನ ಪರಿಣಾಮ ಅಳೆಯುವ ಒಂದು ಪ್ರಯೋಗಕ್ಕೆ ಮೊದಲೇ ಟಿಕ್ ಹಾಕಿಟ್ಟಿದ್ದರು. ಬಳಸುವವರನ್ನು ಒಂದು ಮಾತು ಕೇಳಲಿಲ್ಲ. ಯೂರೋಪಿನಲ್ಲಿ ಖಾಸಗಿತನದ ಹಕ್ಕಿಗಾಗಿ ಹೋರಾಡುವ ನಾಯ್ಬ್ ಸಂಸ್ಥೆ ಅದೇ ಸೆಪ್ಟೆಂಬರಿನಲ್ಲಿ ದೂರು ಕೊಟ್ಟಿತು. ಶೀಲ್ಡಿನ ಪಟ್ಟಿಯಲ್ಲಿ ಅಷ್ಟು ಪ್ರಾಮಾಣಿಕವಾಗಿರುವ ಸಂಸ್ಥೆ, ತನ್ನದೇ ಬದಲಾವಣೆಯನ್ನು ಹೇಳದೆ ಒಳಗೆ ತಂದದ್ದು ಒಪ್ಪುವ ಮಾತಲ್ಲ.

ಎಡ್ಜ್

ಹೊಸ ವಿಂಡೋಸ್ ಲ್ಯಾಪ್‌ಟಾಪ್ ತಂದವರ ಕೈಗೆ ಮೊದಲು ಸಿಗುವುದು ಇದೇ. ಸೆಟ್ಟಿಂಗ್ಸ್‌ನಲ್ಲಿ ಟ್ರ್ಯಾಕಿಂಗ್ ಪ್ರಿವೆನ್ಶನ್ ಹುಡುಕಿದರೆ ಬೇಸಿಕ್, ಬ್ಯಾಲೆನ್ಸ್ಡ್, ಸ್ಟ್ರಿಕ್ಟ್ ಎಂಬ ಮೂರು ಪೆಟ್ಟಿಗೆ, ಒಂದೊಂದರಲ್ಲೂ ನಾಲ್ಕು ಸಾಲು ವಿವರಣೆ. ಕಂಪನಿ ಹಾಕಿಕೊಟ್ಟಿರುವುದು ಬ್ಯಾಲೆನ್ಸ್ಡ್. ಅದರ ಮೊದಲ ಸಾಲನ್ನು ನಿಧಾನವಾಗಿ ಓದಬೇಕು: ‘ನೀವು ಭೇಟಿ ಕೊಡದ ಸೈಟುಗಳ ಟ್ರ್ಯಾಕರ್‌ಗಳನ್ನು ತಡೆಯುತ್ತದೆ’ ಎಂಬ ಅರ್ಥದ ಸಾಲದು. ಹಾಗಾದರೆ ಭೇಟಿ ಕೊಡುವ ಸೈಟುಗಳದ್ದು? ದಿನಾ ಫೇಸ್‌ಬುಕ್ ನೋಡುವವರಿಗೆ, ಬೇರೆ ಸೈಟುಗಳಲ್ಲಿ ಕೂತ ಫೇಸ್‌ಬುಕ್ ಟ್ರ್ಯಾಕರಿನ ಮೇಲೆ ಈ ಮೋಡು ಕೈ ಸಡಿಲ ಬಿಡುತ್ತದೆ. ಹೆಚ್ಚು ಬಳಸುವ ಕಂಪನಿಯ ಜೊತೆ ನಿಮಗೆ ಸಂಬಂಧವಿದೆ, ಅದನ್ನು ತಡೆದರೆ ಲಾಗಿನ್ ಕೆಟ್ಟೀತು ಎಂಬ ಲೆಕ್ಕಾಚಾರ. ಸೈಟು ಕೆಡಬಾರದು ಎಂಬ ಉದ್ದೇಶವೇನೋ ಸರಿ. ಆದರೆ ನಮ್ಮ ಜನ ದಿನವಿಡೀ ಇರುವುದೇ ಎರಡು ಮೂರು ದೊಡ್ಡ ಕಂಪನಿಗಳ ಸೈಟಿನಲ್ಲಿ, ಬೆನ್ನು ಬಿದ್ದಿರುವವರೂ ಅವರೇ. ಸುಳ್ಳೇನೂ ಬರೆದಿಲ್ಲ; ಸಾಲಿನಲ್ಲಿ ಬಿಟ್ಟುಹೋದ ಅರ್ಧವನ್ನು ಓದುವವರೇ ಊಹಿಸಿಕೊಳ್ಳಬೇಕು. ಎಡ್ಜ್ ಬಿಡಲೊಲ್ಲದವರು ಸ್ಟ್ರಿಕ್ಟ್ ಹಾಕಿ, ಇನ್‌ಪ್ರೈವೇಟ್ ವಿಂಡೋಗೆ ಯಾವಾಗಲೂ ಸ್ಟ್ರಿಕ್ಟ್ ಇರಲಿ ಎಂಬ ಬಟನ್ನನ್ನೂ ಚಾಲೂ ಮಾಡಿ.

ಕ್ರೋಮ್

ಸೆಂಟರ್‌ನವರಿಗೆ ಕ್ರೋಮ್ ಬಿಟ್ಟು ಗತಿಯಿಲ್ಲ ಎಂಬ ಸ್ಥಿತಿ ಇದೆ, ಅನೇಕ ಪೋರ್ಟಲ್‌ಗಳೇ ‘ಕ್ರೋಮಿನಲ್ಲಿ ತೆರೆಯಿರಿ’ ಎನ್ನುತ್ತವೆ. ಟ್ರ್ಯಾಕರ್ ತಡೆಯಲ್ಲಿ ಐದರಲ್ಲಿ ಕೊನೆಯ ಸ್ಥಾನ ಇದಕ್ಕೇ. ಥರ್ಡ್ ಪಾರ್ಟಿ ಕುಕೀಗಳನ್ನು (ನೀವು ತೆರೆದ ಸೈಟಿನದಲ್ಲದ, ಅದರೊಳಗೆ ಕೂತ ಬೇರೆಯವರ ಕುಕೀಗಳನ್ನು) ಎರಡು ವರ್ಷದಲ್ಲಿ ತೆಗೆಯುತ್ತೇವೆ ಎಂದು ಗೂಗಲ್ 2020ರ ಜನವರಿಯಲ್ಲಿ ಹೇಳಿತು. ಗಡುವು ಮುಂದೆ ಮುಂದೆ ಹೋಯಿತು. 2024ರ ಜನವರಿಯಲ್ಲಿ ನೂರಕ್ಕೆ ಒಬ್ಬ ಬಳಕೆದಾರರಿಗೆ ಪ್ರಯೋಗ ನಡೆಯಿತು, ಜುಲೈನಲ್ಲಿ ತೆಗೆಯುವ ಯೋಚನೆ ಕೈಬಿಟ್ಟರು, 2025ರ ಏಪ್ರಿಲಿನಲ್ಲಿ ಪ್ರತ್ಯೇಕವಾಗಿ ಕೇಳುವ ಪರದೆಯೂ ಬೇಡ ಎಂದರು. ಈಗಲೂ ಸಾಮಾನ್ಯ ವಿಂಡೋದಲ್ಲಿ ಥರ್ಡ್ ಪಾರ್ಟಿ ಕುಕೀಗೆ ತಡೆಯಿಲ್ಲ. ನೀವೇ ಹೋಗಿ ನಿಲ್ಲಿಸಬೇಕು: ಮೂರು ಚುಕ್ಕಿ, ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಥರ್ಡ್ ಪಾರ್ಟಿ ಕುಕೀಸ್, ಬ್ಲಾಕ್. ಫೋನಿನಲ್ಲಿ ಇದು ಸೈಟ್ ಸೆಟ್ಟಿಂಗ್ಸ್ ಒಳಗಿದೆ. ನಿಲ್ಲಿಸಿದ ಮೇಲೂ ಸ್ಕ್ರಿಪ್ಟ್‌ಗಳು ಬರುತ್ತಲೇ ಇರುತ್ತವೆ, ಕುಕೀ ಮಾತ್ರ ಸಿಗುವುದಿಲ್ಲ.

ಕ್ರೋಮಿನ ಪ್ರೈವೇಟ್ ವಿಂಡೋ ಆದ ಇನ್‌ಕಾಗ್ನಿಟೊ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಇನ್ನಾವುದರ ಬಗ್ಗೆಯೂ ಇಲ್ಲ. ಕಪ್ಪು ಪರದೆ, ಟೋಪಿ ಕನ್ನಡಕದ ಚಿತ್ರ. ಯಾರೂ ನೋಡುವುದಿಲ್ಲ ಎಂದೇ ಜನ ನಂಬಿದ್ದರು. ಅಮೆರಿಕದಲ್ಲಿ 2020ರಲ್ಲಿ ಇದರ ಮೇಲೆ ಮೊಕದ್ದಮೆ ಹೂಡಲಾಯಿತು. ರಾಜಿಯ ಷರತ್ತುಗಳು 2024ರ ಏಪ್ರಿಲಿನಲ್ಲಿ ಹೊರಬಂದವು: ಸಂಗ್ರಹಿಸಿದ ಕೋಟ್ಯಂತರ ದಾಖಲೆಗಳನ್ನು ಅಳಿಸಬೇಕು, ಪರದೆಯ ಮೇಲಿನ ಬರಹವನ್ನು ತಿದ್ದಬೇಕು. ಈಗ ಆ ಪರದೆಯಲ್ಲಿ, ಗೂಗಲ್ ಸೇರಿದಂತೆ ಸೈಟುಗಳು ಮತ್ತು ಅವು ಬಳಸುವ ಸೇವೆಗಳು ಮಾಹಿತಿ ಸಂಗ್ರಹಿಸುವ ರೀತಿ ಇದರಿಂದ ಬದಲಾಗುವುದಿಲ್ಲ ಎಂದು ಬರೆದಿದೆ. ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಸ್ಪಷ್ಟವಾದ ವಾಕ್ಯ.

‘ಡು ನಾಟ್ ಟ್ರ್ಯಾಕ್’ ಎಂಬ ಇನ್ನೊಂದು ಬಟನ್ ಕ್ರೋಮಿನಲ್ಲಿದೆ. ಒತ್ತಿದರೆ ಪ್ರತಿ ಸೈಟಿಗೂ ‘ನನ್ನನ್ನು ಹಿಂಬಾಲಿಸಬೇಡಿ’ ಎಂಬ ಕೋರಿಕೆ ಹೋಗುತ್ತದೆ. ಕೇಳುವ ಸೈಟುಗಳು ಇಲ್ಲವೆನ್ನುವಷ್ಟು ವಿರಳ. ಸಫಾರಿ ಇದನ್ನು 2019ರಲ್ಲಿ, ಫೈರ್‌ಫಾಕ್ಸ್ 2025ರಲ್ಲಿ ತೆಗೆದುಹಾಕಿದವು. ಇದರ ಜಾಗಕ್ಕೆ ಬಂದ ಗ್ಲೋಬಲ್ ಪ್ರೈವಸಿ ಕಂಟ್ರೋಲ್ ಸಂಕೇತವನ್ನು ಬ್ರೇವ್, ಡಕ್‌ಡಕ್‌ಗೋ ತಾವಾಗಿಯೇ ಕಳಿಸುತ್ತವೆ, ಫೈರ್‌ಫಾಕ್ಸಿನಲ್ಲಿ ಟಿಕ್ ಹಾಕಬೇಕು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಕಾನೂನಿನ ಬಲವಿದೆ. ನಮ್ಮಲ್ಲಿ ಹಾಕಿಟ್ಟರೆ ನಷ್ಟವಿಲ್ಲ, ಅದೊಂದನ್ನೇ ನಂಬಿ ಕೂರಬೇಡಿ.

ಕ್ರೋಮಿಗೆ ಎಕ್ಸ್‌ಟೆನ್ಶನ್ ಹಾಕುವವರು ತಿಳಿದಿರಲಿ: ಎಕ್ಸ್‌ಟೆನ್ಶನ್‌ಗಳಿಗೆ ಗೂಗಲ್ ಹಾಕಿದ ಮ್ಯಾನಿಫೆಸ್ಟ್ ವಿ3 ನಿಯಮದಿಂದಾಗಿ, ಜಾಹೀರಾತು, ಟ್ರ್ಯಾಕರ್ ತಡೆಯುವ ಹಳೆಯ ಯುಬ್ಲಾಕ್ ಒರಿಜಿನ್ ಅಲ್ಲಿ ನಡೆಯುವುದಿಲ್ಲ. ಯುಬ್ಲಾಕ್ ಒರಿಜಿನ್ ಲೈಟ್ ನಡೆಯುತ್ತದೆ, ಆದರೆ ಅದರ ತಡೆಪಟ್ಟಿ ಹೊಸದಾಗಬೇಕಾದರೆ ಎಕ್ಸ್‌ಟೆನ್ಶನ್ನೇ ಅಪ್‌ಡೇಟ್ ಆಗಬೇಕು. ಪೂರ್ಣ ರೂಪದ್ದು ಬೇಕೆಂದರೆ ಫೈರ್‌ಫಾಕ್ಸ್. ಅದು ಆಂಡ್ರಾಯ್ಡ್ ಫೋನಿನಲ್ಲೂ ಸಿಗುತ್ತದೆ.

ಬ್ರೇವ್

ಹಾಕಿದ ಕ್ಷಣದಿಂದ, ಯಾವ ಸೆಟ್ಟಿಂಗೂ ಮುಟ್ಟದೆ, ಟ್ರ್ಯಾಕರ್ ಸ್ಕ್ರಿಪ್ಟನ್ನು ಬಾಗಿಲಲ್ಲೇ ನಿಲ್ಲಿಸುವುದರಲ್ಲಿ ಬ್ರೇವ್ ಮುಂದು. ಪೇಜು ತೆರೆಯುವ ವೇಗದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ; ನೆಟ್‌ವರ್ಕ್ ಎರಡು ಕಡ್ಡಿಗೆ ಇಳಿಯುವ ಹಳ್ಳಿಯಲ್ಲಂತೂ ಇನ್ನೂ ಹೆಚ್ಚು. ಟ್ರ್ಯಾಕರ್ ಕಂಪನಿಗಳು ಸೈಟಿನದೇ ಸಬ್‌ಡೊಮೇನ್ ಹೆಸರಿನಲ್ಲಿ ವೇಷ ಮರೆಸಿ ಬರುವ ಉಪಾಯವೊಂದಿದೆ, ಸಿನೇಮ್ ಕ್ಲೋಕಿಂಗ್ ಅಂತ. ಹೆಸರಿನ ಹಿಂದಿನ ಅಸಲಿ ವಿಳಾಸ ಯಾವುದೆಂದು ಡಿಎನ್‌ಎಸ್‌ನಲ್ಲಿ (ಸೈಟಿನ ಹೆಸರುಗಳ ವಿಳಾಸಪಟ್ಟಿಯಲ್ಲಿ) ನೋಡಿ ಅದನ್ನೂ ಬ್ರೇವ್ ಹಿಡಿಯುತ್ತದೆ.

ಹೇಳಿಕೊಳ್ಳುವ ರೀತಿಯಲ್ಲಿ ಮಾತ್ರ ಕೊಂಚ ಡೌಲು. ಹೊಸ ಟ್ಯಾಬಿನಲ್ಲಿ ದೊಡ್ಡ ಅಕ್ಷರದಲ್ಲಿ ತಡೆದ ಟ್ರ್ಯಾಕರ್ ಎಷ್ಟು, ಉಳಿದ ಡೇಟಾ ಎಷ್ಟು, ಉಳಿದ ಸಮಯ ಎಷ್ಟು ಎಂದು ಬರುತ್ತದೆ. ಇಳಿಸಿಕೊಳ್ಳದೇ ಇದ್ದ ಫೈಲಿನ ಗಾತ್ರವನ್ನು, ಅದಕ್ಕೆ ಹಿಡಿಯಬಹುದಾಗಿದ್ದ ಹೊತ್ತನ್ನು ಯಾರೂ ಅಳೆಯಲಾಗದು. ಆ ಡೇಟಾ, ಸಮಯ ಎರಡೂ ಅಂದಾಜು. ಅಡ್ರೆಸ್ ಬಾರಿನಲ್ಲಿರುವ ಬ್ರೇವ್ ಗುರುತಾದ ಸಿಂಹ ಒತ್ತಿ ಒಳಗೆ ಹೋದರೆ ತಡೆದವುಗಳ ಪಟ್ಟಿ ಸಿಗುತ್ತದೆ, ಬಿಟ್ಟವುಗಳ ಪಟ್ಟಿ ಸಿಗುವುದಿಲ್ಲ. ಸ್ಟ್ಯಾಂಡರ್ಡ್ ಮಟ್ಟದಲ್ಲಿ ಸೈಟಿನ ಸ್ವಂತ ಜಾಹೀರಾತುಗಳನ್ನು ಅದು ಬಿಡುತ್ತದೆ, ಅದನ್ನೂ ನಿಲ್ಲಿಸಲು ಅಗ್ರೆಸಿವ್ ಆರಿಸಬೇಕು. ಹೊಸ ಟ್ಯಾಬಿನ ಹಿನ್ನೆಲೆಯಲ್ಲಿ ಪ್ರಾಯೋಜಿತ ಚಿತ್ರ, ರಿವಾರ್ಡ್ಸ್, ವ್ಯಾಲೆಟ್ ಎಂಬ ಗದ್ದಲ ಬೇರೆ. ಸೆಂಟರ್ ಮೇಜಿನ ಕಂಪ್ಯೂಟರಿನಲ್ಲಿ ಇವನ್ನೆಲ್ಲ ಮೊದಲು ಆಫ್ ಮಾಡಿ. 2020ರ ಜೂನಿನಲ್ಲಿ ಒಂದು ಕ್ರಿಪ್ಟೊ ವಿನಿಮಯ ಸೈಟಿನ ವಿಳಾಸ ಟೈಪ್ ಮಾಡಿದರೆ ಬ್ರೇವ್ ತನ್ನ ಕಮಿಷನ್ ಕೋಡ್ ಸೇರಿಸಿ ವಿಳಾಸ ಪೂರ್ತಿ ಮಾಡುತ್ತಿದ್ದದ್ದು ಬಯಲಾಯಿತು, ಕಂಪನಿಯ ಮುಖ್ಯಸ್ಥ ಬ್ರೆಂಡನ್ ಐಕ್ ತಪ್ಪು ಒಪ್ಪಿಕೊಂಡು ತಿದ್ದಿಸಿದರು.

ಡಕ್‌ಡಕ್‌ಗೋ

ಫೋನಿಗೆ ನಮ್ಮ ಮೊದಲ ಆಯ್ಕೆ ಇದು. ಕಾರಣ ಅದರ ಶೀಲ್ಡಿನ ಪಟ್ಟಿ. ಯಾವ ಕಂಪನಿಯ ರಿಕ್ವೆಸ್ಟ್ ತಡೆದೆ ಎಂಬುದರ ಜೊತೆಗೆ, ಪೇಜು ಕೆಡಬಾರದೆಂದು ಯಾವುದನ್ನು ಬಿಟ್ಟೆ, ತನ್ನ ಹುಡುಕುತಾಣದ ಜಾಹೀರಾತು ಒತ್ತಿದ್ದರಿಂದ ಯಾವುದನ್ನು ಬಿಟ್ಟೆ ಎಂದು ಕಾರಣ ಸಮೇತ ವಿಂಗಡಿಸಿ ಹೇಳುತ್ತದೆ. ಇದು ಒಳ್ಳೆಯ ಬುದ್ಧಿಯಿಂದ ಮಾತ್ರ ಬಂದದ್ದಲ್ಲ. 2022ರ ಮೇ ತಿಂಗಳಲ್ಲಿ, ಹುಡುಕಾಟದ ಒಪ್ಪಂದದ ಕಾರಣಕ್ಕೆ ಈ ಬ್ರೌಸರ್ ಮೈಕ್ರೋಸಾಫ್ಟಿನ ಕೆಲವು ಟ್ರ್ಯಾಕಿಂಗ್ ಸ್ಕ್ರಿಪ್ಟ್‌ಗಳನ್ನು ಬಿಡುತ್ತಿರುವುದನ್ನು ಒಬ್ಬ ಸಂಶೋಧಕ ತೋರಿಸಿಕೊಟ್ಟ. ಗದ್ದಲವಾಯಿತು. ಆಗಸ್ಟಿನಲ್ಲಿ ಅವನ್ನೂ ತಡೆಯುತ್ತೇವೆ ಎಂದು ಕಂಪನಿ ಪ್ರಕಟಿಸಿತು. ಬೈಸಿಕೊಂಡರೂ ಬಿಟ್ಟದ್ದನ್ನು ತೋರಿಸುವುದನ್ನು ಉಳಿಸಿಕೊಂಡಿದೆ, ಅದು ಮುಖ್ಯ.

ಆಂಡ್ರಾಯ್ಡಿನಲ್ಲಿ ಇದಕ್ಕೆ ಆ್ಯಪ್ ಟ್ರ್ಯಾಕಿಂಗ್ ಪ್ರೊಟೆಕ್ಷನ್ ಎಂಬ ಹೆಚ್ಚಿನ ಸೌಲಭ್ಯವೂ ಇದೆ, ಬೇರೆ ಆ್ಯಪ್‌ಗಳೊಳಗಿನ ಟ್ರ್ಯಾಕರ್‌ಗಳನ್ನು ನಿಲ್ಲಿಸಲು. ಫೋನಿನ ವಿಪಿಎನ್ ಜಾಗವನ್ನು ಅದು ಹಿಡಿದುಕೊಳ್ಳುವುದರಿಂದ ಆಫೀಸಿನ ವಿಪಿಎನ್ ಜೊತೆಗೆ ನಡೆಯದು. ಮೇಲೆ ಬೀಗದ ಕೈಯಂಥ ಗುರುತು ಕಂಡು ಗಾಬರಿಯಾಗಬೇಡಿ, ಮಾಹಿತಿ ಫೋನಿನಿಂದ ಹೊರಗಿನ ವಿಪಿಎನ್ ಸರ್ವರಿಗೆ ಹೋಗುವುದಿಲ್ಲ.

ಐಫೋನ್ ಇರುವವರಿಗೆ ಎರಡು ಮಾತು. ಸಫಾರಿ 2020ರ ಮಾರ್ಚಿನಿಂದ ಥರ್ಡ್ ಪಾರ್ಟಿ ಕುಕೀಗಳನ್ನು ಪೂರ್ತಿ ತಡೆಯುತ್ತದೆ. ಅದರ ಪ್ರೈವಸಿ ರಿಪೋರ್ಟ್ ‘ಇಷ್ಟು ಟ್ರ್ಯಾಕರ್‌ಗಳು ನಿಮ್ಮ ಪ್ರೊಫೈಲ್ ಮಾಡದಂತೆ ತಡೆದಿದೆ’ ಎಂದಾಗ, ಮೊದಲು ಹೇಳಿದ ಎರಡನೇ ಬಗೆಯ ತಡೆ ಅದು. ಸಾಮಾನ್ಯ ಟ್ಯಾಬಿನಲ್ಲಿ ಸ್ಕ್ರಿಪ್ಟ್ ಬಂದೇ ಇರುತ್ತದೆ.

ಪೇಜು ಕೆಟ್ಟಾಗ

‘ರೀ ಸರ್, ಅರ್ಧಾ ಪೇಜ್ ಅಷ್ಟಽ ಬಂದೈತಿ, ಸಬ್‌ಮಿಟ್ ಬಟನ್ನಽ ಕಾಣವಲ್ದು’ ಎಂದು ಗಿರಾಕಿ ಹೇಳಿದ ಕೂಡಲೇ ಶೀಲ್ಡ್ ಆಫ್ ಮಾಡುವವರಿದ್ದಾರೆ. ಕೆಟ್ಟದ್ದು ಯಾವುದರಿಂದ ಎಂದು ನೋಡುವುದು ಕಷ್ಟವಲ್ಲ. ಫೈರ್‌ಫಾಕ್ಸಿನಲ್ಲಿ ಎಫ್12 ಒತ್ತಿ, ಕನ್ಸೋಲ್ ಟ್ಯಾಬಿಗೆ ಹೋಗಿ. ಕಂಟೆಂಟ್ ಬ್ಲಾಕಿಂಗ್ ಚಾಲೂ ಇದ್ದದ್ದರಿಂದ ಇಂಥ ವಿಳಾಸದ ರಿಸೋರ್ಸ್ ತಡೆಯಲಾಗಿದೆ ಎಂಬ ಸಾಲು ಇದ್ದರೆ, ಕಾರಣ ಶೀಲ್ಡೇ ಇರುವ ಸಾಧ್ಯತೆ ಹೆಚ್ಚು. ಅಂಥ ಸಾಲೇ ಇಲ್ಲದಿದ್ದರೆ ತಪ್ಪು ಬೇರೆ ಕಡೆ. ರಸೀದಿಯ ಪಿಡಿಎಫ್ ತೆರೆಯದಿದ್ದರೆ ಅದು ಸಾಮಾನ್ಯವಾಗಿ ಪಾಪ್-ಅಪ್ ತಡೆ, ಟ್ರ್ಯಾಕರ್ ತಡೆಯಲ್ಲ. ಎಲ್ಲ ಸೈಟುಗಳೂ ‘ಸುರಕ್ಷಿತವಲ್ಲ’ ಎನ್ನತೊಡಗಿದರೆ ಕಂಪ್ಯೂಟರಿನ ತಾರೀಖು ನೋಡಿ. ಅದು ತಪ್ಪಿದ್ದರೆ ಮದರ್‌ಬೋರ್ಡಿನ ಸೆಲ್ ಸತ್ತಿರಬಹುದು.

ಅತಿ ಹೆಚ್ಚು ತೊಂದರೆ ಕೊಡುವುದು ಫೀ ಕಟ್ಟುವ ಪೇಜು. ಕೆಲವು ಸೈಟುಗಳಲ್ಲಿ ಪೇಮೆಂಟ್ ಗೇಟ್‌ವೇ ಪೇಜಿನೊಳಗೊಂದು ಚೌಕಟ್ಟಾಗಿ ತೆರೆಯುತ್ತದೆ. ಅದರ ಕುಕೀ ಬ್ರೌಸರ್ ಕಣ್ಣಿಗೆ ಥರ್ಡ್ ಪಾರ್ಟಿ. ಬ್ಯಾಂಕಿನ ಒಟಿಪಿ ಹಾಕಿ ವಾಪಸು ಬರುವಷ್ಟರಲ್ಲಿ ಗೇಟ್‌ವೇಗೆ ತನ್ನ ಕುಕೀ ಸಿಗುವುದಿಲ್ಲ. ‘ಸೆಷನ್ ಎಕ್ಸ್‌ಪೈರ್ಡ್’ ಎನ್ನುತ್ತದೆ, ಇಲ್ಲವೇ ಬಿಳಿ ಪೇಜು. ರೊಕ್ಕ ಮಾತ್ರ ಖಾತೆಯಿಂದ ಹೋಗಿರಬಹುದು. ಇಲ್ಲಿ ಮಾಡಬಾರದ ಕೆಲಸವೆಂದರೆ ನಡುವೆ ಶೀಲ್ಡ್ ಆಫ್ ಮಾಡುವುದು. ಫೈರ್‌ಫಾಕ್ಸ್, ಬ್ರೇವ್ ಎರಡರಲ್ಲೂ ಆ ಬಟನ್ ಒತ್ತಿದ ಕ್ಷಣ ಪೇಜು ತಾನಾಗಿಯೇ ರಿಲೋಡ್ ಆಗುತ್ತದೆ, ಅರ್ಧಕ್ಕೆ ನಿಂತ ವ್ಯವಹಾರ ಇನ್ನಷ್ಟು ಗೋಜಲಾಗುತ್ತದೆ. ಮೊದಲು ಬ್ಯಾಂಕಿನ ಎಸ್ಎಂಎಸ್ ನೋಡಿ, ಪೋರ್ಟಲಿನಲ್ಲಿ ಟ್ರಾನ್ಸಾಕ್ಷನ್ ಸ್ಟೇಟಸ್ ನೋಡಿ. ರೊಕ್ಕ ಹೋಗಿಲ್ಲ ಎಂದು ಖಾತ್ರಿಯಾದ ಮೇಲೆ ಹೊರಬಂದು, ಆ ಸೈಟಿಗೆ ಮಾತ್ರ ಶೀಲ್ಡ್ ಆಫ್ ಮಾಡಿ, ಮೊದಲಿನಿಂದ ಲಾಗಿನ್ ಆಗಿ. ಕ್ರೋಮಿನಲ್ಲಿ ಥರ್ಡ್ ಪಾರ್ಟಿ ಕುಕೀ ತಡೆದಿದ್ದರೆ ಅಡ್ರೆಸ್ ಬಾರಿನ ಬಲಗಡೆ ಕಣ್ಣಿನ ಗುರುತು ಬರುತ್ತದೆ, ಅದನ್ನು ಒತ್ತಿ ಆ ಸೈಟಿಗೆ ತಾತ್ಕಾಲಿಕವಾಗಿ ಅನುಮತಿ ಕೊಡಬಹುದು. ಈ ಕಣ್ಣಿನ ಗುರುತಿನ ಮಟ್ಟಿಗೆ ಕ್ರೋಮಿಗೆ ಶಹಭಾಸ್ ಎನ್ನಬೇಕು, ಪೇಜು ಕೆಟ್ಟಿತೇ ಎಂದು ಅದೇ ಕೇಳುತ್ತದೆ.

ಬ್ರೌಸರಿನ ಕೈಗೆ ಸಿಗದ್ದು

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆ್ಯಪಿನೊಳಗೆ ಒತ್ತಿದ ಲಿಂಕು ಆ ಆ್ಯಪಿನದೇ ಒಳಬ್ರೌಸರಿನಲ್ಲಿ ತೆರೆಯುತ್ತದೆ. ನೀವು ಎಂಥ ಬ್ರೌಸರ್ ಹಾಕಿದ್ದರೂ ಅಲ್ಲಿ ಉಪಯೋಗವಿಲ್ಲ. ಮೂರು ಚುಕ್ಕಿ ಒತ್ತಿ ಹೊರಗಿನ ಬ್ರೌಸರಿನಲ್ಲಿ ತೆರೆಯಬೇಕು. ವಾಟ್ಸಾಪಿನ ಲಿಂಕು ಫೋನಿನ ಡಿಫಾಲ್ಟ್ ಬ್ರೌಸರಿಗೆ ಹೋಗುತ್ತದೆ, ಹಾಗಾಗಿ ಫೋನ್ ಸೆಟ್ಟಿಂಗ್ಸ್, ಆ್ಯಪ್ಸ್, ಡಿಫಾಲ್ಟ್ ಆ್ಯಪ್ಸ್‌ನಲ್ಲಿ ಬ್ರೌಸರ್ ಬದಲಿಸಿಕೊಳ್ಳದೆ ಹೊಸದನ್ನು ಇಳಿಸಿದ್ದು ದಂಡ.

2025ರ ಜೂನಿನಲ್ಲಿ ಯೂರೋಪಿನ ಸಂಶೋಧಕರು ಇನ್ನೊಂದು ಕಳ್ಳದಾರಿ ತೋರಿಸಿದರು. ಸೈಟುಗಳಲ್ಲಿರುವ ಮೆಟಾ ಪಿಕ್ಸೆಲ್ ಸ್ಕ್ರಿಪ್ಟ್ (ಫೇಸ್‌ಬುಕ್ಕಿನ ಒಡೆಯ ಕಂಪನಿ ಮೆಟಾದ ಟ್ರ್ಯಾಕರ್), ಅದೇ ಆಂಡ್ರಾಯ್ಡ್ ಫೋನಿನಲ್ಲಿ ಹಿನ್ನೆಲೆಯಲ್ಲಿ ನಡೆಯುತ್ತಿದ್ದ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆ್ಯಪ್‌ಗಳಿಗೆ ಫೋನಿನ ಒಳಗಿಂದೊಳಗೇ ಕುಕೀ ದಾಟಿಸುತ್ತಿತ್ತು. ಕುಕೀ ಅಳಿಸಿದರೂ, ಇನ್‌ಕಾಗ್ನಿಟೊ ಬಳಸಿದರೂ ತಪ್ಪುತ್ತಿರಲಿಲ್ಲ, ಯಾಕೆಂದರೆ ಆ ಕಡೆ ಆ್ಯಪಿನಲ್ಲಿ ನೀವು ಹೆಸರು ಹಾಕಿ ಲಾಗಿನ್ ಆಗಿಯೇ ಇದ್ದೀರಿ. ಇಂಥ ಒಳಸಂಪರ್ಕಕ್ಕೆ ಬ್ರೇವ್ ಮೊದಲೇ ಬಾಗಿಲು ಹಾಕಿತ್ತು. ಸುದ್ದಿ ಹೊರಬಿದ್ದ ದಿನವೇ ಮೆಟಾ ಅದನ್ನು ನಿಲ್ಲಿಸಿತು. ಅಷ್ಟರವರೆಗೆ ಯಾವ ಬ್ರೌಸರಿನ ಶೀಲ್ಡಿನಲ್ಲೂ ಇದರ ಸುಳಿವು ಕಾಣುತ್ತಿರಲಿಲ್ಲ.

ಕನ್ನಡದಲ್ಲಿ ಹೇಳುವ ವಿಷಯದಲ್ಲಿ ಐದಕ್ಕೂ ಅಂಕ ಕಡಿಮೆ. ಫೈರ್‌ಫಾಕ್ಸ್, ಕ್ರೋಮ್, ಎಡ್ಜ್ ಮೂರರಲ್ಲೂ ಮೆನು ಕನ್ನಡಕ್ಕೆ ಬದಲಾಗುತ್ತದೆ. ಫೈರ್‌ಫಾಕ್ಸಿನ ಅನುವಾದ ಸ್ವಯಂಸೇವಕರದ್ದು, ಹೊಸದಾಗಿ ಬಂದ ಪರದೆಗಳಲ್ಲಿ ಇಂಗ್ಲಿಷ್ ಇಣುಕುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೇಳುವ ನೋಟಿಸು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಸಿಗುವಂತಿರಬೇಕು ಎನ್ನುತ್ತದೆ; ಮಕ್ಕಳ ಟ್ರ್ಯಾಕಿಂಗನ್ನು, ಅವರನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸುತ್ತದೆ. ಆ ಹೊಣೆ ಮಾಹಿತಿ ಸಂಗ್ರಹಿಸುವ ಸೈಟುಗಳದ್ದು. ಬ್ರೌಸರಿನ ಶೀಲ್ಡ್ ಪಟ್ಟಿಗೂ ಇದಕ್ಕೂ ನೇರ ಸಂಬಂಧವಿಲ್ಲ.

ಸೆಂಟರ್ ಮೇಜಿಗೆ

ಹತ್ತಾರು ಗಿರಾಕಿಗಳು ಕೂರುವ ಕಂಪ್ಯೂಟರಿನಲ್ಲಿ ಟ್ರ್ಯಾಕರ್‌ಗಿಂತ ದೊಡ್ಡ ಅಪಾಯ ಹಿಂದಿನವರ ಲಾಗಿನ್ ಉಳಿದುಹೋಗುವುದು. ಎರಡಕ್ಕೂ ಒಂದೇ ಮದ್ದು ಫೈರ್‌ಫಾಕ್ಸಿನಲ್ಲಿದೆ. ಸೆಟ್ಟಿಂಗ್ಸ್‌ನ ಪ್ರೈವಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ಹಿಸ್ಟರಿ ವಿಭಾಗಕ್ಕೆ ಹೋಗಿ ‘ನೆವರ್ ರಿಮೆಂಬರ್ ಹಿಸ್ಟರಿ’ ಆರಿಸಿ, ಬ್ರೌಸರ್ ರೀಸ್ಟಾರ್ಟ್ ಮಾಡಿ. ಅಲ್ಲಿಂದ ಮುಂದೆ ಪ್ರತಿ ವಿಂಡೋವೂ ಪ್ರೈವೇಟ್ ವಿಂಡೋ. ಹಾಗಾಗಿ ಸ್ಟ್ಯಾಂಡರ್ಡ್ ಮೋಡಿನಲ್ಲೇ ಟ್ರ್ಯಾಕರ್ ಸ್ಕ್ರಿಪ್ಟ್‌ಗಳೂ ನಿಲ್ಲುತ್ತವೆ, ಸ್ಟ್ರಿಕ್ಟ್ ಹಾಕುವ ಅಗತ್ಯ ಬೀಳುವುದಿಲ್ಲ. ಎಲ್ಲ ವಿಂಡೋ ಮುಚ್ಚಿದರೆ ಲಾಗಿನ್‌ಗಳೂ ಹೋಗುತ್ತವೆ. ಒಂದು ಟ್ಯಾಬ್ ಮುಚ್ಚಿದರೆ ಸಾಲದು, ಗಿರಾಕಿ ಎದ್ದ ಮೇಲೆ ಎಲ್ಲವನ್ನೂ ಮುಚ್ಚಬೇಕು. ಅನನುಕೂಲವೆಂದರೆ ಸೆಂಟರ್‌ನವರ ಸ್ವಂತ ಪೋರ್ಟಲ್ ಲಾಗಿನ್ನೂ ಪ್ರತಿ ಸಲ ಹೋಗುತ್ತದೆ. ಅದಕ್ಕೆ ಬೇರೆ ಬ್ರೌಸರ್ ಇಡಿ: ಥರ್ಡ್ ಪಾರ್ಟಿ ಕುಕೀ ತಡೆದ ಕ್ರೋಮ್ ಸಾಕು, ಅದಕ್ಕೆ ಗಿರಾಕಿಯ ಕೈ ತಾಗದಿರಲಿ.

ಡೌನ್‌ಲೋಡ್ಸ್ ಫೋಲ್ಡರ್ ಈ ಲೆಕ್ಕದಲ್ಲಿ ಬರುವುದಿಲ್ಲ, ಆಧಾರ್, ಅಂಕಪಟ್ಟಿಯ ಪಿಡಿಎಫ್‌ಗಳನ್ನು ಕೈಯಾರೆ ಅಳಿಸಬೇಕು. ಫೈರ್‌ಫಾಕ್ಸಿನ ಸಾಮಾನ್ಯ ವಿಂಡೋದಲ್ಲಿ ಶೀಲ್ಡ್ ಆಫ್ ಮಾಡಿದ ಸೈಟುಗಳು ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಎಕ್ಸೆಪ್ಶನ್ಸ್’ ಒಳಗೆ ಸಾಲಾಗಿ ಕೂತಿರುತ್ತವೆ. ಅಡ್ಮಿಷನ್, ಸ್ಕಾಲರ್‌ಶಿಪ್ ಹಂಗಾಮು ಮುಗಿದ ಮೇಲೆ ಆ ಪಟ್ಟಿ ತೆರೆದು, ಇನ್ನು ಬೇಡದವನ್ನು ತೆಗೆದುಹಾಕಿ.